ಇಂಗ್ಲೆಂಡಿನಲ್ಲಿ ಜಿಪಿ ಆಗುವುದು ಹೇಗೆ: ಎಂಬಿಬಿಎಸ್ ಮುಗಿಸಿದವರಿಗೆ ಹಂತಹಂತದ ದಾರಿ

ನೀಟ್ ಪಿಜಿ ಫಲಿತಾಂಶ ಬಂದ ವಾರದಲ್ಲಿ ನನಗೆ ಬರುವ ಮೆಸೇಜುಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ: "ಸರ್, ಪ್ಲ್ಯಾಬ್ ಪಾಸ್ ಮಾಡಿದರೆ ಇಂಗ್ಲೆಂಡಿನಲ್ಲಿ ಜಿಪಿ ಆಗಬಹುದಂತೆ, ಹೌದಾ? ಎಷ್ಟು ವರ್ಷ ಹಿಡಿಯುತ್ತೆ?" (ಪ್ಲ್ಯಾಬ್ ಅಲ್ಲಿನ ಅರ್ಹತಾ ಪರೀಕ್ಷೆ, ವಿವರ ಮುಂದಿದೆ.) ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆದು ಸಾಕಾಗಿದೆ. ಆದ್ದರಿಂದ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿಡುತ್ತಿದ್ದೇನೆ.

ಚಿಕ್ಕ ಉತ್ತರ ಇಷ್ಟು. ಜಿಪಿ ತರಬೇತಿ ಮೂರು ವರ್ಷ. ಆ ತರಬೇತಿಯ ಸೀಟು ಸಿಗುವ ತನಕ ಎಷ್ಟು ಕಾಲ ಹಿಡಿಯುತ್ತದೆಂದು ಯಾರೂ ಖಚಿತವಾಗಿ ಹೇಳಲಾರರು. ಅರ್ಧ ದಾರಿಯಲ್ಲಿ ಸಿಕ್ಕಿಬಿದ್ದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರಲ್ಲಿ ಓದಿನಲ್ಲಿ ಹಿಂದೆ ಬಿದ್ದವರು ಕಡಿಮೆ. ಒಂದು ಕಾಗದದ ಅವಧಿ ಮುಗಿಯುವ ಮೊದಲು ಇನ್ನೊಂದನ್ನು ಮಾಡಿಕೊಳ್ಳಬೇಕೆಂದು ಗೊತ್ತಿಲ್ಲದೆ ಕೆಟ್ಟವರೇ ಹೆಚ್ಚು. ಹಾಗಾಗಿ ಕೆಳಗೆ ಪ್ರತಿ ಹಂತದಲ್ಲೂ ಅವಧಿ, ಗಡುವುಗಳನ್ನು ಹೇಳುತ್ತಾ ಹೋಗುತ್ತೇನೆ. ಒಂದು ಕ್ಯಾಲೆಂಡರ್ ಪಕ್ಕದಲ್ಲಿಟ್ಟುಕೊಂಡು ಓದಿ.

ಹೊರಡುವ ಮೊದಲು ಒಂದು ಮಾತು. ನಮ್ಮ ಕಡೆ ಎಂಬಿಬಿಎಸ್ ಮುಗಿಸಿ ಬೋರ್ಡು ತೂಗುಹಾಕಿದವರೆಲ್ಲ ಜಿಪಿಗಳೇ. ಬ್ರಿಟನ್ನಿನಲ್ಲಿ ಹಾಗಲ್ಲ. ಜಿಪಿ, ಅಂದರೆ ಕುಟುಂಬ ವೈದ್ಯ, ಅಲ್ಲಿ ಪ್ರತ್ಯೇಕ ತರಬೇತಿ, ಪ್ರತ್ಯೇಕ ಪರೀಕ್ಷೆ ಮುಗಿಸಿದ ತಜ್ಞ. ವೈದ್ಯರ ನೋಂದಣಿ ನೋಡಿಕೊಳ್ಳುವ ಜನರಲ್ ಮೆಡಿಕಲ್ ಕೌನ್ಸಿಲ್ (ಮುಂದೆ ಜಿಎಂಸಿ ಎನ್ನುತ್ತೇನೆ) 2006ರ ಏಪ್ರಿಲ್‌ನಿಂದ ಜಿಪಿಗಳದ್ದೇ ಬೇರೆ ರಿಜಿಸ್ಟರ್ ಇಟ್ಟಿದೆ. ಅದರಲ್ಲಿ ಹೆಸರಿಲ್ಲದವರು ಸರ್ಕಾರಿ ಆರೋಗ್ಯ ವ್ಯವಸ್ಥೆಯಾದ ಎನ್‌ಎಚ್‌ಎಸ್‌ನಲ್ಲಿ ಜಿಪಿ ಕೆಲಸ ಮಾಡುವಂತಿಲ್ಲ. ತರಬೇತಿಯಲ್ಲಿರುವವರಿಗೆ ಮಾತ್ರ ವಿನಾಯಿತಿ. ಜನರೆಲ್ಲ ಮನೆ ಹತ್ತಿರದ ಒಂದು ಪ್ರಾಕ್ಟೀಸಿನಲ್ಲಿ, ಅಂದರೆ ಜಿಪಿ ಕ್ಲಿನಿಕ್ಕಿನಲ್ಲಿ, ಹೆಸರು ಬರೆಸಿಕೊಂಡಿರುತ್ತಾರೆ. ಮಂಡಿ ನೋವಿರಲಿ, ಮನೋವ್ಯಾಕುಲತೆಯಿರಲಿ, ಮಗುವಿನ ಜ್ವರವಿರಲಿ, ಮೊದಲು ಬರುವುದು ಅಲ್ಲಿಗೆ. ನೇರವಾಗಿ ಕಾರ್ಡಿಯಾಲಜಿಸ್ಟ್ ಹತ್ತಿರ ಚೀಟಿ ಮಾಡಿಸುವ ಪದ್ಧತಿ ಎನ್‌ಎಚ್‌ಎಸ್‌ನಲ್ಲಿ ಇಲ್ಲ. ಜಿಪಿ ಪತ್ರ ಬರೆಯಬೇಕು. ಜಿಪಿ ಕ್ಲಿನಿಕ್ಕನ್ನು ಅಲ್ಲಿ 'ಸರ್ಜರಿ' ಎನ್ನುತ್ತಾರೆ, ಆಪರೇಷನ್ನಿಗೂ ಅದಕ್ಕೂ ಸಂಬಂಧವಿಲ್ಲ.

ಪಿಜಿ ಸೀಟು ಸಿಗದವರಿಗೆ ಇದು ಸುಲಭದ ಬದಲಿ ದಾರಿ ಎಂದುಕೊಂಡಿದ್ದರೆ ಆ ಯೋಚನೆ ಇಲ್ಲೇ ಬಿಡಿ. ಎಲ್ಲ ಬಗೆಯ ರೋಗಿಗಳೂ, ಹತ್ತು ನಿಮಿಷಕ್ಕೊಬ್ಬರಂತೆ, ಹೆಚ್ಚಿನ ಸಲ ಸ್ಕ್ಯಾನ್ ಆಗಲಿ ಅದೇ ದಿನದ ರಕ್ತ ಪರೀಕ್ಷೆಯಾಗಲಿ ಕೈಗೆ ಸಿಗದ ಕೋಣೆಯಲ್ಲಿ ಕೂತು ನಿರ್ಧಾರ ಮಾಡುವುದು ಮನಸ್ಸಿಗೆ ಒಗ್ಗುತ್ತದೆಯೇ ನೋಡಿಕೊಳ್ಳಿ. ಒಗ್ಗದವರಿಗೆ ಇದು ಸಂಕಟದ ಕೆಲಸ.

ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಲ್ಲಿ ಕೆಲವು ವಿವರ ಬೇರೆ. ನಾನು ಬರೆಯುತ್ತಿರುವುದು ಇಂಗ್ಲೆಂಡಿನ ಲೆಕ್ಕ.

1. ಹೆಸರು ಮತ್ತು ಇಂಟರ್ನ್‌ಶಿಪ್ ಕಾಗದ

ನಗಬೇಡಿ, ಮೊದಲ ತೊಡಕು ನಿಮ್ಮ ಹೆಸರೇ. ನಮ್ಮಲ್ಲಿ ಊರಿನ ಹೆಸರು, ಅಪ್ಪನ ಹೆಸರು ಇನಿಶಿಯಲ್ ಆಗಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಗುತ್ತದೆ. ಪಾಸ್‌ಪೋರ್ಟ್ ಮಾಡಿಸುವಾಗ ಅದೇ ಇನಿಶಿಯಲ್ ಬಿಡಿಸಿ ಬರೆದು ಸರ್‌ನೇಮ್ ಆಗುತ್ತದೆ. ಡಿಗ್ರಿ ಸರ್ಟಿಫಿಕೇಟಿನಲ್ಲಿ ಮೂರನೇ ರೂಪ. ಜಿಎಂಸಿ ನಿಮ್ಮ ಡಿಗ್ರಿಯನ್ನು ಅಮೆರಿಕದ ಇಸಿಎಫ್‌ಎಂಜಿ ಸಂಸ್ಥೆಯ 'ಎಪಿಕ್' ಎಂಬ ವ್ಯವಸ್ಥೆಯ ಮೂಲಕ ಪರಿಶೀಲಿಸುತ್ತದೆ. ಅವರು ನಿಮ್ಮ ಕಾಗದಪತ್ರವನ್ನು ನೇರವಾಗಿ ವಿಶ್ವವಿದ್ಯಾಲಯಕ್ಕೆ ಕಳಿಸಿ ಖಚಿತಪಡಿಸಿಕೊಳ್ಳುತ್ತಾರೆ. ಹೆಸರು ತಾಳೆಯಾಗದಿದ್ದರೆ ಅಲ್ಲೇ ನಿಲ್ಲುತ್ತದೆ. ಇಂಗ್ಲಿಷ್ ಪರೀಕ್ಷೆ, ಪ್ಲ್ಯಾಬ್, ವೀಸಾ ಎಲ್ಲವೂ ಪಾಸ್‌ಪೋರ್ಟ್ ಹೆಸರಿನಲ್ಲೇ ನಡೆಯುವುದರಿಂದ, ಯಾವುದಕ್ಕೂ ದುಡ್ಡು ಕಟ್ಟುವ ಮೊದಲು ಪಾಸ್‌ಪೋರ್ಟಿನ ಹೆಸರು ಇತ್ಯರ್ಥ ಮಾಡಿಕೊಳ್ಳಿ. ಉಳಿದ ದಾಖಲೆಗಳಿಗೆ ಅಫಿಡವಿಟ್ ಮಾಡಿಸಿಟ್ಟುಕೊಳ್ಳಿ.

ಇಂಟರ್ನ್‌ಶಿಪ್ ವಿಷಯ. ಜಿಎಂಸಿ ಕೇಳುವುದು ಹನ್ನೆರಡು ತಿಂಗಳು ನಿರಂತರ ಇಂಟರ್ನ್‌ಶಿಪ್, ಅದರಲ್ಲಿ ಮೆಡಿಸಿನ್ ಮೂರು ತಿಂಗಳು, ಸರ್ಜರಿ ಮೂರು ತಿಂಗಳು. ನಮ್ಮ ರೊಟೇಷನ್‌ನಲ್ಲಿ ಎರಡು ವಾರ ಇಲ್ಲಿ, ಒಂದು ತಿಂಗಳು ಅಲ್ಲಿ ಎಂದು ಚೂರುಚೂರಾಗಿರುತ್ತದೆ. ಯಾವ ಚೂರು ಯಾವ ಲೆಕ್ಕಕ್ಕೆ ಸೇರುತ್ತದೆ ಎಂಬುದು ಸರ್ಟಿಫಿಕೇಟಿನಲ್ಲಿ ಬರೆದಿರುವುದರ ಮೇಲೆ ನಿಂತಿದೆ. "ಕಡ್ಡಾಯ ಇಂಟರ್ನ್‌ಶಿಪ್ ಮುಗಿಸಿರುತ್ತಾರೆ" ಎಂಬ ಒಂದು ಸಾಲಿನ ಪತ್ರ ಸಾಲದು. ವಿಭಾಗ, ಶುರುವಾದ ದಿನ, ಮುಗಿದ ದಿನ ಮೂರೂ ಇರುವ ಪಟ್ಟಿಯನ್ನು ಕಾಲೇಜಿನ ಲೆಟರ್‌ಹೆಡ್‌ನಲ್ಲಿ, ಸೀಲಿನೊಂದಿಗೆ ಪಡೆಯಿರಿ. ಇನ್ನೂ ಇಂಟರ್ನ್ ಆಗಿರುವವರು ಐಚ್ಛಿಕ ಪೋಸ್ಟಿಂಗನ್ನು ಈ ಲೆಕ್ಕ ತುಂಬುವಂತೆ ಆರಿಸಿಕೊಳ್ಳಿ. ಆಮೇಲೆ ಸರಿಪಡಿಸಿಕೊಳ್ಳಲು ಹೊರಟರೆ ವರ್ಷಗಳೇ ಹಿಡಿಯಬಹುದು.

2. ಇಂಗ್ಲಿಷ್, ಪ್ಲ್ಯಾಬ್ ಒಂದು, ಪ್ಲ್ಯಾಬ್ ಎರಡು

ಇಂಗ್ಲಿಷ್‌ಗೆ ಎರಡು ಆಯ್ಕೆ. ಐಇಎಲ್‌ಟಿಎಸ್ ಅಕಾಡೆಮಿಕ್ ಆದರೆ ಒಟ್ಟಾರೆ 7.5, ಯಾವ ವಿಭಾಗದಲ್ಲೂ 7ಕ್ಕಿಂತ ಕಡಿಮೆ ಇರಬಾರದು. ಆರೋಗ್ಯ ವೃತ್ತಿಯವರಿಗಾಗಿಯೇ ಇರುವ ಒಇಟಿ ಆದರೆ ನಾಲ್ಕೂ ವಿಭಾಗದಲ್ಲಿ ಬಿ ಗ್ರೇಡ್. ಐಇಎಲ್‌ಟಿಎಸ್‌ನ ರೈಟಿಂಗ್‌ನಲ್ಲಿ 6.5 ತೆಗೆದು ಒದ್ದಾಡುವವರು ಒಇಟಿ ಪ್ರಯತ್ನಿಸಿ ನೋಡಿ. ಅಲ್ಲಿ ಬರೆಯಬೇಕಾದದ್ದು ರೆಫರಲ್ ಪತ್ರ, ನಿಮಗೆ ಹೊಸದಲ್ಲ. ಎರಡರ ಅಂಕಗಳಿಗೂ ಎರಡು ವರ್ಷ ಆಯುಸ್ಸು. ಇಲ್ಲಿಂದ ಗಡಿಯಾರ ಓಡಲು ಶುರು.

ಪ್ಲ್ಯಾಬ್ ಎಂದರೆ ಹೊರದೇಶದಲ್ಲಿ ಓದಿದ ವೈದ್ಯರಿಗೆ ಜಿಎಂಸಿ ಇಡುವ ಪರೀಕ್ಷೆ. ಮೊದಲ ಭಾಗ 180 ಪ್ರಶ್ನೆ, ಮೂರು ಗಂಟೆ, ಐದರಲ್ಲಿ ಒಂದು ಸರಿಯುತ್ತರ. ಭಾರತದಲ್ಲೇ ಬರೆಯಬಹುದು. ಎರಡನೆಯದು ಮ್ಯಾಂಚೆಸ್ಟರಿಗೇ ಹೋಗಿ ಕೊಡಬೇಕಾದ ಪ್ರಾಯೋಗಿಕ ಪರೀಕ್ಷೆ: 16 ಸನ್ನಿವೇಶ, ಒಂದೊಂದಕ್ಕೆ 8 ನಿಮಿಷ, ರೋಗಿಯ ಪಾತ್ರದಲ್ಲಿ ತರಬೇತಿ ಪಡೆದ ನಟರು. ಅದರ ಶುಲ್ಕವೇ ಮೊದಲ ಭಾಗದ ಮೂರೂವರೆ ಪಟ್ಟಿಗಿಂತ ಹೆಚ್ಚು. ವಿಮಾನ, ವೀಸಾ, ವಸತಿ ಬೇರೆ. ಮೊದಲ ಭಾಗ ಪಾಸಾದ ಎರಡು ವರ್ಷದೊಳಗೆ ಎರಡನೆಯದನ್ನೂ ಪಾಸ್ ಮಾಡಬೇಕು, ಪ್ರಯತ್ನಗಳಿಗೂ ಮಿತಿಯಿದೆ. ಫಿಸಿಷಿಯನ್‌ಗಳ ರಾಯಲ್ ಕಾಲೇಜುಗಳ ಸದಸ್ಯತ್ವ ಪರೀಕ್ಷೆಯಾದ ಎಂಆರ್‌ಸಿಪಿಯ ಮೂರೂ ಭಾಗ ಮುಗಿಸಿದವರಿಗೆ ಪ್ಲ್ಯಾಬ್ ಬೇಕಿಲ್ಲ.

ಕೋಚಿಂಗ್ ಬೇಕೇ? ಮೊದಲ ಭಾಗಕ್ಕೆ ಬೇಡ, ಪ್ರಶ್ನೆ ಬ್ಯಾಂಕು ಸಾಕು. ಎರಡನೆಯದಕ್ಕೆ ಜೊತೆಗಾರರೊಂದಿಗೆ ಗಟ್ಟಿಯಾಗಿ ಮಾತಾಡಿ ಅಭ್ಯಾಸ ಮಾಡಲೇಬೇಕು, ಅದು ಕೋಚಿಂಗ್ ಸೆಂಟರಿನಲ್ಲೇ ಆಗಬೇಕೆಂದಿಲ್ಲ.

3. ಜಿಎಂಸಿ ನೋಂದಣಿ

ಪ್ಲ್ಯಾಬ್ ಎರಡೂ ಆದ ಮೇಲೆ ನೋಂದಣಿಗೆ ಅರ್ಜಿ. ಜೊತೆಗೆ ನಮ್ಮ ಮೆಡಿಕಲ್ ಕೌನ್ಸಿಲ್ ಕೊಡುವ ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟ್ ಬೇಕು: ನಿಮ್ಮ ಮೇಲೆ ಶಿಸ್ತು ಪ್ರಕರಣ ಇಲ್ಲವೆಂಬ ಪತ್ರ. ಇದಕ್ಕೆ ಮೂರೇ ತಿಂಗಳ ಆಯುಸ್ಸು. ಪರೀಕ್ಷೆಗೆ ಮೊದಲೇ ತರಿಸಿಟ್ಟುಕೊಂಡರೆ ಹಳಸಿಹೋಗುತ್ತದೆ. ಫಲಿತಾಂಶ ಬಂದ ಮೇಲೆ ತರಿಸಿ.

ಇಲ್ಲಿ ದೊಡ್ಡ ಎಚ್ಚರಿಕೆ. ಜಿಎಂಸಿ ನಂಬರ್ ಸಿಕ್ಕರೆ ಕೆಲಸ ಸಿಕ್ಕಂತಲ್ಲ. ಹಿಂದೆ ನೋಂದಣಿಯಾಗಿ ಎರಡು ಮೂರು ತಿಂಗಳಲ್ಲಿ ಆಸ್ಪತ್ರೆ ಕೆಲಸ ಸಿಗುತ್ತಿದ್ದ ಕಾಲದ ಕಥೆಗಳನ್ನು ನಿಮ್ಮ ಸೀನಿಯರ್‌ಗಳು ಇನ್ನೂ ಹೇಳುತ್ತಿರಬಹುದು. ಈಗ ಒಂದು ಸಾಮಾನ್ಯ ಹುದ್ದೆಯ ಜಾಹೀರಾತಿಗೆ ಅರ್ಜಿಗಳು ರಾಶಿ ಬಿದ್ದು, ಗಡುವಿಗೆ ಮೊದಲೇ ಮುಚ್ಚಿಬಿಡುತ್ತಾರೆ. ಊರಿನ ಕೆಲಸ ಬಿಟ್ಟು, ಸಾಲ ಮಾಡಿ, ಲಂಡನ್ನಿನಲ್ಲಿ ಕೋಣೆ ಹಿಡಿದು ಹುಡುಕುತ್ತೇನೆ ಎಂದು ಹೊರಡಬೇಡಿ. ಅರ್ಜಿ ಹಾಕುತ್ತಾ ಊರಿನಲ್ಲೇ ಕೆಲಸ ಮಾಡಿ. ಆ ಕೆಲಸ ಮುಂದಿನ ಹಂತಕ್ಕೂ ಬೇಕು.

4. ಕ್ರೆಸ್ಟ್ ಫಾರಂ

ಜಿಪಿ ತರಬೇತಿಗೆ ನೇರವಾಗಿ ಅರ್ಜಿ ಹಾಕಲು ಬ್ರಿಟನ್ನಿನಲ್ಲಿ ಮೊದಲು ಕೆಲಸ ಮಾಡಿರಲೇಬೇಕೆಂಬ ನಿಯಮವಿಲ್ಲ. ಆದರೆ ಇಂಟರ್ನ್‌ಶಿಪ್ ಆದ ಮೇಲೆ ಕನಿಷ್ಠ ಹನ್ನೆರಡು ತಿಂಗಳ ಕ್ಲಿನಿಕಲ್ ಅನುಭವ ಇರಬೇಕು. ಜೊತೆಗೆ, ಅಲ್ಲಿನವರು ಡಿಗ್ರಿ ನಂತರ ಮಾಡುವ ಎರಡು ವರ್ಷದ 'ಫೌಂಡೇಷನ್' ತರಬೇತಿಯಲ್ಲಿ ಕಲಿಯುವ ಕೌಶಲಗಳು ನಿಮಗೂ ಇವೆಯೆಂದು ಒಬ್ಬ ಹಿರಿಯ ವೈದ್ಯರು ಬರೆದುಕೊಡಬೇಕು. ಅದೇ ಕ್ರೆಸ್ಟ್ ಫಾರಂ. ಸಹಿ ಮಾಡುವವರು ಕನ್ಸಲ್ಟೆಂಟ್ ದರ್ಜೆಯವರಾಗಿರಬೇಕು, ನಿಮ್ಮ ಕೆಲಸವನ್ನು ಕನಿಷ್ಠ ಮೂರು ತಿಂಗಳು ನಿರಂತರವಾಗಿ ನೋಡಿರಬೇಕು, ಆ ಕೆಲಸ ತರಬೇತಿ ಶುರುವಾಗುವ ದಿನದಿಂದ ಹಿಂದಿನ ಮೂರೂವರೆ ವರ್ಷದೊಳಗಿನದಾಗಿರಬೇಕು. ಭಾರತದ ಕನ್ಸಲ್ಟೆಂಟ್ ಸಹಿಯೂ ನಡೆಯುತ್ತದೆ, ಅವರ ಮೆಡಿಕಲ್ ಕೌನ್ಸಿಲ್ ನೋಂದಣಿಯ ಪುರಾವೆ ಲಗತ್ತಿಸಬೇಕು.

ಕರ್ನಾಟಕದವರು ಎಡವುವ ಜಾಗ ಇದು. ಗ್ರಾಮೀಣ ಸೇವೆಯೆಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ವರ್ಷ ಕಳೆದಿರಬಹುದು. ಜಿಪಿ ಕೆಲಸಕ್ಕೆ ಅದಕ್ಕಿಂತ ಒಳ್ಳೆ ಪಾಠಶಾಲೆ ಸಿಗಲಾರದು: ಬಾಣಂತಿಯಿಂದ ಬಿಪಿವರೆಗೆ ಎಲ್ಲರನ್ನೂ ನೋಡಿರುತ್ತೀರಿ. ಆದರೆ ಅಲ್ಲಿ ಇರುವ ಒಬ್ಬರೇ ಡಾಕ್ಟರು ನೀವು. ನಿಮ್ಮ ಕೆಲಸ ದಿನಾ ನೋಡಿದ ಕನ್ಸಲ್ಟೆಂಟ್ ಯಾರೂ ಇಲ್ಲ, ಹಾಗಾಗಿ ಸಹಿಗೂ ಯಾರೂ ಇಲ್ಲ. ತಾಲ್ಲೂಕು ವೈದ್ಯಾಧಿಕಾರಿ ತಿಂಗಳಿಗೊಮ್ಮೆ ಬಂದು ಹೋದದ್ದು ಈ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಆ ವರ್ಷದ ಜೊತೆಗೆ ಜಿಲ್ಲಾಸ್ಪತ್ರೆಯಲ್ಲೋ ಖಾಸಗಿ ಆಸ್ಪತ್ರೆಯಲ್ಲೋ ಒಬ್ಬ ಫಿಸಿಷಿಯನ್ ಕೈಕೆಳಗೆ ಡ್ಯೂಟಿ ಡಾಕ್ಟರ್ ಆಗಿ ಕೆಲವು ತಿಂಗಳು ಕೆಲಸ ಮಾಡಿ. ಸೇರುವ ದಿನವೇ ಫಾರಂ ತೋರಿಸಿ, "ಇದರಲ್ಲಿರುವ ಒಂದೊಂದನ್ನೂ ನಾನು ಮಾಡುವುದು ನೀವು ನೋಡಬೇಕು ಸರ್" ಎಂದು ಹೇಳಿಬಿಡಿ. ಕೊನೆಯ ವಾರ ಮೂವತ್ತು ಪುಟ ಹಿಡಿದು ಹೋದರೆ ಯಾವ ಕನ್ಸಲ್ಟೆಂಟೂ ಖುಷಿಯಿಂದ ಸಹಿ ಮಾಡಲಾರ.

ಒಂದೇ ಒಂದು ಸಹಿಯೋ ತಾರೀಖೋ ಬಿಟ್ಟುಹೋದರೂ ಅರ್ಜಿ ತಿರಸ್ಕೃತ. ಹೊಸ ವರ್ಷಕ್ಕೆ ಹೊಸ ಫಾರಂ ಬರುತ್ತದೆ, ಹಳೆಯದನ್ನು ಬಳಸಬೇಡಿ. ದುಡ್ಡು ಕೊಟ್ಟರೆ ಕ್ರೆಸ್ಟ್ ಮಾಡಿಸಿಕೊಡುತ್ತೇವೆ ಎನ್ನುವ ಏಜೆಂಟರು ಸಿಗುತ್ತಾರೆ. ಸುಳ್ಳು ದಾಖಲೆ ಎಂದು ಗೊತ್ತಾದರೆ ಪ್ರಶ್ನೆ ಅರ್ಜಿಯದ್ದಲ್ಲ, ನಿಮ್ಮ ನೋಂದಣಿಯದ್ದೇ ಆಗುತ್ತದೆ.

5. ಓರಿಯಲ್ ಅರ್ಜಿ ಮತ್ತು ಎಂಎಸ್‌ಆರ್‌ಎ

ಎಲ್ಲ ಸ್ಪೆಷಾಲಿಟಿ ತರಬೇತಿ ಅರ್ಜಿಗಳೂ ಓರಿಯಲ್ ಎಂಬ ಒಂದೇ ಜಾಲತಾಣದಲ್ಲಿ. ಆಗಸ್ಟ್‌ನಲ್ಲಿ ಶುರುವಾಗುವ ತರಬೇತಿಗೆ ಹಿಂದಿನ ವರ್ಷದ ಅಕ್ಟೋಬರ್–ನವೆಂಬರ್ ಸುಮಾರಿಗೆ ಅರ್ಜಿ ತೆರೆಯುತ್ತದೆ. ಗಡುವಿನ ದಿನ ಸಂಜೆ ನಾಲ್ಕು ಗಂಟೆ ಎಂದರೆ ಬ್ರಿಟನ್ ಸಮಯ; ಐದು ನಿಮಿಷ ತಡವಾದರೂ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಎಂಎಸ್‌ಆರ್‌ಎ ಎಂಬುದು ತರಬೇತಿ ಸೀಟಿಗೆ ಅಭ್ಯರ್ಥಿಗಳನ್ನು ಆರಿಸುವ ಕಂಪ್ಯೂಟರ್ ಪರೀಕ್ಷೆ. ಪಿಯರ್ಸನ್ ವ್ಯೂ ಕೇಂದ್ರಗಳಲ್ಲಿ ನಡೆಯುತ್ತದೆ, ಭಾರತದಲ್ಲೂ ಬರೆಯಬಹುದು. ಜಿಪಿಗೆ ಸಂದರ್ಶನವಿಲ್ಲ, ಕೋವಿಡ್ ಕಾಲದಲ್ಲಿ ಕೈಬಿಟ್ಟದ್ದು ಹಾಗೇ ಉಳಿದಿದೆ. ಹಾಗಾಗಿ ಸೀಟು ಸಿಗುತ್ತದೋ ಇಲ್ಲವೋ, ಯಾವ ಊರಿನಲ್ಲಿ ಸಿಗುತ್ತದೆ ಎಂಬುದೆಲ್ಲ ಈ ಒಂದೇ ಅಂಕದ ಮೇಲೆ. ಇದರಲ್ಲಿ ಎರಡು ಪತ್ರಿಕೆ. ಒಂದು ಕ್ಲಿನಿಕಲ್, ನೀಟ್ ಓದಿದವರಿಗೆ ಕಷ್ಟವಾಗದು, ಆದರೆ ಉತ್ತರ ನೈಸ್ ಎಂಬ ಅಲ್ಲಿನ ಸರ್ಕಾರಿ ಸಂಸ್ಥೆಯ ಚಿಕಿತ್ಸಾ ಮಾರ್ಗಸೂಚಿಗಳ ಪ್ರಕಾರ ಇರಬೇಕು. ಇನ್ನೊಂದು ವೃತ್ತಿ ಸಂದಿಗ್ಧಗಳ ಪತ್ರಿಕೆ: "ಸಹೋದ್ಯೋಗಿ ಕುಡಿದು ಡ್ಯೂಟಿಗೆ ಬಂದಿದ್ದಾನೆ, ಕೆಳಗಿನ ಐದು ಕ್ರಮಗಳನ್ನು ಸೂಕ್ತತೆಯ ಕ್ರಮದಲ್ಲಿ ಜೋಡಿಸಿ" ಎಂಬಂಥವು. ಹಿರಿಯರನ್ನು ಎದುರುಹಾಕಿಕೊಳ್ಳಬಾರದು, ಗೆಳೆಯನ ತಪ್ಪು ಮುಚ್ಚಿಡಬೇಕು ಎಂಬ ನಮ್ಮ ವಾರ್ಡು ಸಂಸ್ಕಾರ ಇಲ್ಲಿ ಅಂಕ ಕಳೆಯುತ್ತದೆ. ಜಿಎಂಸಿಯ ವೃತ್ತಿ ನಿಯಮಾವಳಿಯನ್ನು ಪೂರ್ತಿ ಓದಿ. ಅದು ದೊಡ್ಡದೇನಲ್ಲ, ಆದರೂ ಓದದೆ ಬರುವವರೇ ಹೆಚ್ಚು.

ಗಮನಿಸಬೇಕಾದ ಮುಖ್ಯ ಬದಲಾವಣೆ ಇದು: 2025ರ ಜುಲೈನಲ್ಲಿ ಪ್ರಕಟಿಸಿದ ಹತ್ತು ವರ್ಷದ ಆರೋಗ್ಯ ಯೋಜನೆಯಲ್ಲಿ ಬ್ರಿಟನ್ ಸರ್ಕಾರ, ತರಬೇತಿ ಸೀಟುಗಳಲ್ಲಿ ಅಲ್ಲೇ ಓದಿದವರಿಗೂ ಎನ್‌ಎಚ್‌ಎಸ್‌ನಲ್ಲಿ ಗಣನೀಯ ಕಾಲ ಕೆಲಸ ಮಾಡಿದವರಿಗೂ ಆದ್ಯತೆ ಕೊಡುವುದಾಗಿ ಹೇಳಿತು. ಅಂದರೆ ಊರಿನಿಂದ ನೇರವಾಗಿ ಅರ್ಜಿ ಹಾಕುವವರ ದಾರಿ ಕಿರಿದಾಗುತ್ತಿದೆ. ಎರಡು ವರ್ಷದ ಹಿಂದೆ ಸೀಟು ಸಿಕ್ಕವರ ಸಲಹೆಯನ್ನು ನಂಬಿ ಹಣ ಹೂಡಬೇಡಿ. ನೀವು ಅರ್ಜಿ ಹಾಕುವ ವರ್ಷದ ನಿಯಮವನ್ನು ಓರಿಯಲ್‌ನಲ್ಲಿ ನೀವೇ ಓದಿ, ಆಮೇಲೆ ಪ್ಲ್ಯಾಬ್‌ಗೆ ದುಡ್ಡು ಕಟ್ಟಿ.

ನಮ್ಮಲ್ಲಿ ಡಿಎನ್‌ಬಿ ಫ್ಯಾಮಿಲಿ ಮೆಡಿಸಿನ್ ಎಂಬ ಪಿಜಿ ಮುಗಿಸಿದವರು ಕೇಳುತ್ತಾರೆ: ನಮ್ಮನ್ನು ನೇರವಾಗಿ ಜಿಪಿ ರಿಜಿಸ್ಟರಿಗೆ ಸೇರಿಸಿಕೊಳ್ಳುವುದಿಲ್ಲವೇ? ಇಲ್ಲ. ಅನುಭವದ ದಾಖಲೆಗಳನ್ನೆಲ್ಲ ಒಪ್ಪಿಸಿ, ಅಲ್ಲಿನ ಜಿಪಿಗೆ ಸರಿಸಮ ಎಂದು ಸಾಬೀತು ಮಾಡುವ 'ಪೋರ್ಟ್‌ಫೋಲಿಯೋ ಪಾತ್‌ವೇ' ಎಂಬ ದಾರಿಯಿದೆ. 2023ರ ನವೆಂಬರ್ ತನಕ ಅದಕ್ಕೆ ಬೇರೆ ಹೆಸರಿತ್ತು. ಪುರಾವೆಗಳ ಹೊರೆ ಬಹಳ.

6. ಮೂರು ವರ್ಷದ ತರಬೇತಿ

ವರ್ಷಗಳನ್ನು ಎಸ್‌ಟಿ1, ಎಸ್‌ಟಿ2, ಎಸ್‌ಟಿ3 ಎನ್ನುತ್ತಾರೆ. ಇಂಗ್ಲೆಂಡಿನಲ್ಲಿ 2022ರ ಆಗಸ್ಟ್‌ನಿಂದ ಆಸ್ಪತ್ರೆಯಲ್ಲಿ ಒಂದು ವರ್ಷ, ಜಿಪಿ ಪ್ರಾಕ್ಟೀಸಿನಲ್ಲಿ ಎರಡು ವರ್ಷ ಎಂಬ ಹಂಚಿಕೆ. ಅದಕ್ಕೂ ಮೊದಲು ಅರ್ಧ ಅರ್ಧ ಇತ್ತು. ಆಸ್ಪತ್ರೆ ಭಾಗದಲ್ಲಿ ಮಕ್ಕಳ ವಿಭಾಗ, ಎಮರ್ಜೆನ್ಸಿ, ಮನೋರೋಗ, ವೃದ್ಧರ ವಿಭಾಗಗಳಲ್ಲಿ ಕೆಲವು. ಸಂಬಳ ಬರುತ್ತದೆ, ಇದು ಫೀಸು ಕಟ್ಟುವ ಕೋರ್ಸ್ ಅಲ್ಲ. ಅಲ್ಲಿನ ಜನ ನಿಮ್ಮನ್ನು 'ರೆಸಿಡೆಂಟ್ ಡಾಕ್ಟರ್' ಎನ್ನುತ್ತಾರೆ. 2024ರ ಸೆಪ್ಟೆಂಬರ್‌ವರೆಗೆ 'ಜೂನಿಯರ್ ಡಾಕ್ಟರ್' ಎನ್ನುತ್ತಿದ್ದರು.

ಪ್ರಾಕ್ಟೀಸಿನಲ್ಲಿ ಕೆಲಸವನ್ನು 'ಸೆಷನ್' ಲೆಕ್ಕದಲ್ಲಿ ಅಳೆಯುತ್ತಾರೆ: ಅರ್ಧ ದಿನಕ್ಕೊಂದು. ವಾರದ ಹತ್ತರಲ್ಲಿ ಏಳು ರೋಗಿಗಳಿಗೆ, ಮೂರು ಕಲಿಕೆಗೆ. ಮೊದಲು ಒಬ್ಬ ರೋಗಿಗೆ ಅರ್ಧ ಗಂಟೆ ಕೊಡುತ್ತಾರೆ. ಅದು ಇಪ್ಪತ್ತಾಗಿ, ಹದಿನೈದಾಗಿ, ತರಬೇತಿ ಮುಗಿಯುವ ಹೊತ್ತಿಗೆ ಹತ್ತು ಹದಿನೈದು ನಿಮಿಷಕ್ಕೆ ಇಳಿದಿರುತ್ತದೆ. ಒಬ್ಬ ಟ್ರೇನರ್ ನಿಮ್ಮ ಜೊತೆಗಿರುತ್ತಾರೆ. ಕೇಸಿನ ನಡುವೆ ಎದ್ದು ಹೋಗಿ "ನನಗೆ ಗೊತ್ತಾಗುತ್ತಿಲ್ಲ" ಎಂದು ಕೇಳುವುದು ಅಲ್ಲಿ ಮರ್ಯಾದೆ ಕಳೆಯುವ ವಿಷಯವಲ್ಲ. ಕೇಳದೆ ಸುಮ್ಮನಿದ್ದವರ ಬಗ್ಗೆಯೇ ಟ್ರೇನರ್‌ಗಳಿಗೆ ಚಿಂತೆ.

ಜೊತೆಗೆ ಇ-ಪೋರ್ಟ್‌ಫೋಲಿಯೋ, ಅಂದರೆ ನಿಮ್ಮ ಕಲಿಕೆಯ ಆನ್‌ಲೈನ್ ದಾಖಲೆ. ನೋಡಿದ ಕೇಸುಗಳ ಬಗ್ಗೆ ಬರೆಯಬೇಕು, ರೋಗಿಗಳಿಂದಲೂ ಸಹೋದ್ಯೋಗಿಗಳಿಂದಲೂ ಅಭಿಪ್ರಾಯ ಸಂಗ್ರಹಿಸಬೇಕು, ಟ್ರೇನರ್ ನಿಮ್ಮ ಸಮಾಲೋಚನೆ ನೋಡಿ ಅಂಕ ಹಾಕಬೇಕು. ವರ್ಷಕ್ಕೊಮ್ಮೆ ಎಆರ್‌ಸಿಪಿ ಎಂಬ ಸಮಿತಿ ಇದನ್ನೆಲ್ಲ ನೋಡಿ ಮುಂದಿನ ವರ್ಷಕ್ಕೆ ಬಿಡುತ್ತದೆ. ಬರೆಯುವಾಗ "ಈ ರೋಗದ ಲಕ್ಷಣಗಳು ಇಂತಿಂಥವು" ಎಂದು ಪಠ್ಯಪುಸ್ತಕ ಬರೆಯಬೇಡಿ. ನೀವು ಯಾಕೆ ಹಾಗೆ ಯೋಚಿಸಿದಿರಿ, ಮುಂದಿನ ಸಲ ಏನು ಬೇರೆ ಮಾಡುತ್ತೀರಿ ಎಂಬುದನ್ನು ಅವರು ನೋಡುತ್ತಾರೆ. ವಾರಕ್ಕೊಂದಾದರೂ ಬರೆಯಿರಿ. ಸಮಿತಿಗೆ ಹದಿನೈದು ದಿನವಿರುವಾಗ ಮೂವತ್ತು ಬರೆದರೆ ತಾರೀಖುಗಳೇ ಹೇಳಿಬಿಡುತ್ತವೆ.

ಡ್ರೈವಿಂಗ್ ಮರೆಯಬೇಡಿ. ಮನೆ ಭೇಟಿಗಳಿಗೆ ಕಾರು ಬೇಕಾಗುತ್ತದೆ, ಹಳ್ಳಿ ಕಡೆ ಪೋಸ್ಟಿಂಗ್ ಆದರೆ ಬಸ್ಸು ನೆಚ್ಚುವಂತಿಲ್ಲ. ಭಾರತದ ಲೈಸೆನ್ಸ್ ಅಲ್ಲಿ ವಾಸ ಶುರುವಾದ ಹನ್ನೆರಡು ತಿಂಗಳು ಮಾತ್ರ ನಡೆಯುತ್ತದೆ. ಅಷ್ಟರಲ್ಲಿ ಅಲ್ಲಿನ ಪರೀಕ್ಷೆ ಪಾಸ್ ಮಾಡಬೇಕು, ಟೆಸ್ಟ್ ದಿನಾಂಕಕ್ಕೆ ಕಾಯುವುದೂ ಇದೆ. ಇಳಿದ ತಿಂಗಳೇ ಶುರುಮಾಡಿ.

7. ಎಂಆರ್‌ಸಿಜಿಪಿ: ಎಕೆಟಿ ಮತ್ತು ಎಸ್‌ಸಿಎ

ಎಂಆರ್‌ಸಿಜಿಪಿ ಎಂದರೆ 1952ರಲ್ಲಿ ಸ್ಥಾಪನೆಯಾದ ಜಿಪಿಗಳ ರಾಯಲ್ ಕಾಲೇಜಿನ ಸದಸ್ಯತ್ವ. ಪೋರ್ಟ್‌ಫೋಲಿಯೋ ಅದರ ಒಂದು ಭಾಗ, ಉಳಿದವು ಎರಡು ಪರೀಕ್ಷೆ.

ಎಕೆಟಿ ಬಹುಆಯ್ಕೆಯದು, ಎಸ್‌ಟಿ2ರಿಂದ ಬರೆಯಬಹುದು. ಶೇ 80 ಕ್ಲಿನಿಕಲ್, ಶೇ 10 ಅಂಕಿಸಂಖ್ಯಾಶಾಸ್ತ್ರ ಮತ್ತು ಸಂಶೋಧನೆ, ಶೇ 10 ಆಡಳಿತ ಮತ್ತು ಕಾನೂನು. ನಮ್ಮವರು ಕೊನೆಯ ಎರಡನ್ನು ಬಿಟ್ಟು ಓದುತ್ತಾರೆ. ಅದು ತಪ್ಪು ಲೆಕ್ಕ: ಮೊದಲ ಏಳು ದಿನದ ಕಾಯಿಲೆ ರಜೆಗೆ ರೋಗಿ ತಾನೇ ಬರೆದುಕೊಳ್ಳಬಹುದು, ಆಮೇಲೆ ಮಾತ್ರ ಡಾಕ್ಟರ 'ಫಿಟ್ ನೋಟ್' ಬೇಕು ಎಂಬಂಥ ಪ್ರಶ್ನೆಗಳು ಒಂದು ಸಂಜೆಯ ಓದಿಗೆ ಸಿಗುವ ಅಂಕಗಳು.

ಎಸ್‌ಸಿಎ ನಿಜವಾದ ಗೋಡೆ. 2023ರ ನವೆಂಬರ್‌ನಿಂದ ಶುರುವಾದ ಪರೀಕ್ಷೆ, ಎಸ್‌ಟಿ3ರಲ್ಲಿ ಕೊಡುವುದು. ನಿಮ್ಮ ಪ್ರಾಕ್ಟೀಸಿನ ಕೋಣೆಯಲ್ಲೇ ಕೂತು, ವಿಡಿಯೋ ಅಥವಾ ಫೋನಿನಲ್ಲಿ 12 ರೋಗಿಗಳನ್ನು ನೋಡುತ್ತೀರಿ, ಒಬ್ಬೊಬ್ಬರಿಗೆ 12 ನಿಮಿಷ, ಮೊದಲು 3 ನಿಮಿಷ ಟಿಪ್ಪಣಿ ಓದಲು. ಅಂಕ ಮೂರು ಕಡೆ: ಮಾಹಿತಿ ಸಂಗ್ರಹ ಮತ್ತು ರೋಗನಿರ್ಣಯ, ಚಿಕಿತ್ಸಾ ಯೋಜನೆ, ರೋಗಿಯೊಂದಿಗಿನ ಒಡನಾಟ.

ಹೊರದೇಶದಲ್ಲಿ ಓದಿದವರ ಪಾಸು ಪ್ರಮಾಣ ಇಂಥ ಪರೀಕ್ಷೆಗಳಲ್ಲಿ ಮೊದಲಿನಿಂದಲೂ ಕಡಿಮೆ. ಎಸ್‌ಸಿಎಗಿಂತ ಹಿಂದಿದ್ದ ಇಂಥದ್ದೇ ಪರೀಕ್ಷೆಯನ್ನು ಭಾರತೀಯ ಮೂಲದ ವೈದ್ಯರ ಸಂಘ 'ಬಾಪಿಯೋ' ಹೈಕೋರ್ಟಿಗೆ ಒಯ್ದಿತ್ತು. 2014ರ ಏಪ್ರಿಲ್‌ನಲ್ಲಿ ಕೋರ್ಟು ಪರೀಕ್ಷೆ ಕಾನೂನುಬದ್ಧವೆಂದೇ ತೀರ್ಪಿತ್ತಿತು, ಜೊತೆಗೆ ಈ ಅಂತರದ ಬಗ್ಗೆ ಕಾಲೇಜು ಏನಾದರೂ ಮಾಡಬೇಕಾದ ಕಾಲ ಬಂದಿದೆಯೆಂದೂ ಹೇಳಿತು. ಅಂತರ ಇನ್ನೂ ಇದೆ. ಅದರ ಕಾರಣಗಳ ಬಗ್ಗೆ ವಾದ ಬೇಕಾದಷ್ಟಿದೆ. ನಿಮ್ಮ ಕೈಯಲ್ಲಿರುವುದನ್ನಷ್ಟೇ ಹೇಳುತ್ತೇನೆ.

ಪ್ರಶ್ನಾವಳಿ ಒಪ್ಪಿಸುವುದನ್ನು ಬಿಡಿ. ನಮಗೆ ಕಲಿಸಿದ್ದು ಹಾಗೆ: ಜ್ವರ ಇದೆಯಾ, ವಾಂತಿ ಇದೆಯಾ, ತೂಕ ಇಳಿದಿದೆಯಾ. ಎಸ್‌ಸಿಎಯಲ್ಲಿ ಮೊದಲ ಎರಡು ನಿಮಿಷ ರೋಗಿ ಮಾತಾಡಬೇಕು. ಇದೇನಿರಬಹುದೆಂದು ಅವರಿಗನ್ನಿಸುತ್ತದೆ, ಯಾವುದಕ್ಕೆ ಹೆದರಿದ್ದಾರೆ, ನಿಮ್ಮಿಂದ ಏನು ಬಯಸಿ ಬಂದಿದ್ದಾರೆ ಎಂಬ ಮೂರನ್ನು ತಿಳಿಯಬೇಕು. ಅಲ್ಲಿ ಇದಕ್ಕೆ 'ಐಸ್' ಎನ್ನುತ್ತಾರೆ. ಆದರೆ ಆ ಮೂರು ಪ್ರಶ್ನೆಗಳನ್ನು ಗಿಳಿಪಾಠದಂತೆ ಕೇಳಿದರೆ ನಟರಿಗೂ ಪರೀಕ್ಷಕರಿಗೂ ತಕ್ಷಣ ಗೊತ್ತಾಗುತ್ತದೆ. "ನಿಮ್ಮ ತಂಗಿಗೆ ಕ್ಯಾನ್ಸರ್ ಇತ್ತು ಅಂದಿರಿ, ಆ ಯೋಚನೆ ಬಂತಾ?" ಎಂದು ಅವರ ಮಾತಿನಿಂದಲೇ ಎಳೆ ಹಿಡಿದರೆ ಅದು ಕೇಳಿಸಿಕೊಂಡದ್ದರ ಗುರುತು.

ಚಿಕಿತ್ಸೆ ಹೇಳುವಾಗ ಆದೇಶ ಕೊಡಬೇಡಿ. 2015ರ ಮಾಂಟ್‌ಗೊಮೆರಿ ಪ್ರಕರಣದಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು, ರೋಗಿಗೆ ಮುಖ್ಯವೆನಿಸಬಹುದಾದ ಅಪಾಯಗಳನ್ನೂ ಬೇರೆ ಆಯ್ಕೆಗಳನ್ನೂ ತಿಳಿಸುವುದು ವೈದ್ಯರ ಕರ್ತವ್ಯ ಎಂದಿತು. "ಈ ಮಾತ್ರೆ ತಗೊಳ್ಳಿ, ಸರಿ ಹೋಗುತ್ತೆ" ಎನ್ನುವುದು ನಮ್ಮಲ್ಲಿ ಧೈರ್ಯ ತುಂಬುವ ಮಾತು. ಅಲ್ಲಿ ಅಂಕ ಕಳೆಯುವ ಮಾತು. ಮಾತ್ರೆ ಬೇಕಾ, ಆರು ವಾರ ಕಾದು ನೋಡಬೇಕಾ ಎಂಬುದನ್ನು ಇಬ್ಬರೂ ಸೇರಿ ತೀರ್ಮಾನಿಸಬೇಕು. ಆದರೆ ಎಲ್ಲವನ್ನೂ "ನಿಮಗೇನನ್ನಿಸುತ್ತೆ?" ಎಂದು ರೋಗಿಯ ಮೇಲೆ ಹೊರಿಸುವುದೂ ಸೋಲೇ. ಎದೆನೋವಿನವನಿಗೆ ಆಂಬುಲೆನ್ಸ್ ಬೇಕೆಂದರೆ ಬೇಕು.

ಕೊನೆಯಲ್ಲಿ 'ಸೇಫ್ಟಿ ನೆಟ್' ಹೇಳಬೇಕು: ಯಾವ ಲಕ್ಷಣ ಕಂಡರೆ, ಎಷ್ಟು ಹೊತ್ತಿನೊಳಗೆ, ಎಲ್ಲಿಗೆ ಬರಬೇಕು. "ಜಾಸ್ತಿಯಾದರೆ ಬನ್ನಿ" ಎಂಬುದು ಸಾಲದು. "ಮಗು ಎಂಟು ಗಂಟೆ ಮೂತ್ರ ಮಾಡದಿದ್ದರೆ, ಎಬ್ಬಿಸಿದರೂ ಏಳದಿದ್ದರೆ ಇವತ್ತೇ ಎಮರ್ಜೆನ್ಸಿಗೆ" ಎಂಬಷ್ಟು ನಿಖರವಾಗಿರಬೇಕು.

ನಮ್ಮವರು ಹೆಚ್ಚು ಮುಗ್ಗರಿಸುವುದು ಗೋಪ್ಯತೆಯಲ್ಲಿ. ಊರಿನಲ್ಲಿ ಅಮ್ಮನ ಕಾಯಿಲೆಯನ್ನು ಮಗನನ್ನು ಪಕ್ಕಕ್ಕೆ ಕರೆದು ಹೇಳುವುದು ರೂಢಿ. ಅಲ್ಲಿ ಮಗ ಫೋನ್ ಮಾಡಿದರೆ, ಅಮ್ಮನ ಒಪ್ಪಿಗೆ ದಾಖಲಾಗಿಲ್ಲದಿದ್ದರೆ, ಅವರ ಬಗ್ಗೆ ಏನನ್ನೂ ಹೇಳುವಂತಿಲ್ಲ. ಮಗ ಹೇಳುವುದನ್ನು ಕೇಳಿಸಿಕೊಳ್ಳಬಹುದು ಅಷ್ಟೇ. ಹದಿನಾರು ತುಂಬದ ಹುಡುಗಿ ಗರ್ಭನಿರೋಧಕ ಕೇಳಿಕೊಂಡು ಒಬ್ಬಳೇ ಬಂದರೆ ಮನೆಗೆ ಫೋನ್ ಮಾಡುವುದಲ್ಲ. 1985ರ ಗಿಲಿಕ್ ತೀರ್ಪಿನ ಪ್ರಕಾರ ಅವಳಿಗೆ ವಿಷಯ ಅರ್ಥವಾಗುತ್ತಿದೆಯೇ ನೋಡಿ, ಬಲವಂತವೋ ಶೋಷಣೆಯೋ ಇಲ್ಲವೆಂದು ಖಚಿತಪಡಿಸಿಕೊಂಡು ಮುಂದುವರಿಯಬೇಕು. ನಿಮ್ಮ ಸ್ವಂತ ಅಭಿಪ್ರಾಯ ಏನೇ ಇರಲಿ, ಅದು ಮುಖದಲ್ಲೂ ಕಾಣಬಾರದು.

8. ಮುಗಿದ ಮೇಲೆ: ವೀಸಾ ಮತ್ತು ಕೆಲಸ

ಎಲ್ಲ ಮುಗಿದಾಗ ಸಿಸಿಟಿ, ಅಂದರೆ ತರಬೇತಿ ಪೂರ್ಣಗೊಂಡ ಪ್ರಮಾಣಪತ್ರ. ಅದರೊಂದಿಗೆ ಜಿಪಿ ರಿಜಿಸ್ಟರಿಗೆ ಹೆಸರು. ಇಂಗ್ಲೆಂಡಿನಲ್ಲಿ 'ಪರ್ಫಾರ್ಮರ್ಸ್ ಲಿಸ್ಟ್' ಎಂಬ ಇನ್ನೊಂದು ಪಟ್ಟಿಯಲ್ಲೂ ಇರಬೇಕು. ತರಬೇತಿಯ ಹೊತ್ತಿಗೇ ಸೇರಿರುತ್ತೀರಿ, ಮುಗಿದಾಗ ಸ್ಥಾನಮಾನ ಬದಲಿಸಿಕೊಳ್ಳಬೇಕು. ತಡಮಾಡಿದರೆ ಕೆಲಸ ಸಿಕ್ಕರೂ ಸೇರಲಾಗದು.

ವೀಸಾದ ತೊಡಕು ಮೊದಲೇ ಅರ್ಥ ಮಾಡಿಕೊಳ್ಳಿ. ತರಬೇತಿಯ ಕಾಲದಲ್ಲಿ ಇಂಗ್ಲೆಂಡಿನಲ್ಲಿ ನಿಮ್ಮ ವೀಸಾ ಪ್ರಾಯೋಜಕ ಎನ್‌ಎಚ್‌ಎಸ್ ಇಂಗ್ಲೆಂಡ್. ಬೇರೆ ತಜ್ಞರ ತರಬೇತಿ ಸಾಮಾನ್ಯವಾಗಿ ಐದು ವರ್ಷವೋ ಅದಕ್ಕೂ ಹೆಚ್ಚೋ ನಡೆಯುವುದರಿಂದ ಅಷ್ಟರಲ್ಲಿ ಶಾಶ್ವತ ವಾಸದ ಹಕ್ಕಿಗೆ ಅರ್ಜಿ ಹಾಕುತ್ತಿದ್ದರು. ಜಿಪಿ ತರಬೇತಿ ಮೂರಕ್ಕೇ ಮುಗಿಯುತ್ತದೆ. ಆಮೇಲೆ ನಿಮ್ಮನ್ನು ಪ್ರಾಯೋಜಿಸುವ ಲೈಸೆನ್ಸ್ ಇರುವ ಪ್ರಾಕ್ಟೀಸ್ ಹುಡುಕಬೇಕು, ಚಿಕ್ಕ ಪ್ರಾಕ್ಟೀಸುಗಳಲ್ಲಿ ಅನೇಕಕ್ಕೆ ಅದಿಲ್ಲ. ಹುಡುಕಲು ವೀಸಾದಲ್ಲಿ ನಾಲ್ಕು ತಿಂಗಳ ಹೆಚ್ಚುವರಿ ಅವಧಿ ಕೊಡುತ್ತಾರೆ. ಅದರ ಮೇಲೆ, ಶಾಶ್ವತ ವಾಸಕ್ಕೆ ಐದರ ಬದಲು ಹತ್ತು ವರ್ಷ ಕಾಯಬೇಕೆಂಬ ಪ್ರಸ್ತಾವವನ್ನು ಸರ್ಕಾರ 2025ರ ಮೇ ತಿಂಗಳ ಶ್ವೇತಪತ್ರದಲ್ಲಿ ಮುಂದಿಟ್ಟಿತು. ಎಸ್‌ಟಿ3 ಶುರುವಾದಾಗಲೇ ಪ್ರಾಕ್ಟೀಸ್ ಮ್ಯಾನೇಜರ್‌ಗಳಿಗೆ ಲೈಸೆನ್ಸ್ ಬಗ್ಗೆ ಕೇಳಲು ಶುರುಮಾಡಿ.

ಕೆಲಸ ಮೂರು ಬಗೆ. ಸಂಬಳದ ಜಿಪಿಯಾದರೆ ಒಪ್ಪಂದ ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್ನಿನ ಮಾದರಿಯಲ್ಲಿದೆಯೇ ನೋಡಿ. ಅದರ ಪ್ರಕಾರ ಒಂದು ಸೆಷನ್ ಎಂದರೆ 4 ಗಂಟೆ 10 ನಿಮಿಷ, ಕಾಗದಪತ್ರ, ರಿಪೋರ್ಟು ನೋಡುವ ಸಮಯವೂ ಅದರೊಳಗೇ. ಲೋಕಮ್ ಎಂದರೆ ದಿನಗೂಲಿಯ ಹಾಗೆ, ವೀಸಾದಲ್ಲಿರುವವರಿಗೆ ಹೊಂದದು. ವಿಮೆ ವಿಷಯದಲ್ಲಿ, 2019ರ ಏಪ್ರಿಲ್‌ನಿಂದ ಎನ್‌ಎಚ್‌ಎಸ್ ಜಿಪಿ ಕೆಲಸದ ನಿರ್ಲಕ್ಷ್ಯ ದಾವೆಗಳನ್ನು ಸರ್ಕಾರವೇ ನೋಡಿಕೊಳ್ಳುತ್ತದೆ. ಜಿಎಂಸಿ ವಿಚಾರಣೆಗೆ ಕರೆದರೆ ಅದು ಬರುವುದಿಲ್ಲ, ಅದಕ್ಕಾಗಿ ವೈದ್ಯರ ರಕ್ಷಣಾ ಸಂಸ್ಥೆಯೊಂದರ ಸದಸ್ಯತ್ವ ಉಳಿಸಿಕೊಳ್ಳಿ.

ಮೂರನೆಯದು ಪಾರ್ಟ್‌ನರ್. ಹೆಚ್ಚಿನ ಪ್ರಾಕ್ಟೀಸುಗಳು ಸರ್ಕಾರಿ ಕಚೇರಿಗಳಲ್ಲ. ಎನ್‌ಎಚ್‌ಎಸ್ ಜೊತೆ ಗುತ್ತಿಗೆ ಮಾಡಿಕೊಂಡ, ಜಿಪಿಗಳೇ ಪಾಲುದಾರರಾಗಿ ನಡೆಸುವ ಸಂಸ್ಥೆಗಳು. ದಕ್ಷಿಣ ವೇಲ್ಸಿನ ಕಲ್ಲಿದ್ದಲು ಕಣಿವೆಗಳಲ್ಲೂ ಕೈಗಾರಿಕಾ ನಗರಗಳಲ್ಲೂ ಬೇರೆಯವರು ಹೋಗಲೊಲ್ಲದ ಜಾಗಗಳಲ್ಲಿ ಇಂಥ ಪ್ರಾಕ್ಟೀಸುಗಳನ್ನು ದಶಕಗಳ ಕಾಲ ನಡೆಸಿದವರಲ್ಲಿ ಭಾರತ ಉಪಖಂಡದಿಂದ ಹೋದ ವೈದ್ಯರು ಬಹಳ. ಈಗ ಅವರಲ್ಲಿ ಅನೇಕರು ನಿವೃತ್ತರಾಗಿದ್ದಾರೆ ಅಥವಾ ಆಗುತ್ತಿದ್ದಾರೆ, ಅಂಥ ಕಡೆಯಿಂದ ನಿಮಗೆ ಪಾಲುದಾರಿಕೆಯ ಆಹ್ವಾನ ಬೇಗನೇ ಬರಬಹುದು. ಲಾಭದಲ್ಲಿ ಪಾಲು ಸಿಗುತ್ತದೆ, ನಷ್ಟದಲ್ಲೂ ಸಿಗುತ್ತದೆ: ಕಟ್ಟಡದ ಲೀಸು, ಸಿಬ್ಬಂದಿಯ ಸಂಬಳ, ಮುಚ್ಚಿದರೆ ಅವರಿಗೆ ಕೊಡಬೇಕಾದ ಪರಿಹಾರ ಎಲ್ಲ ಪಾಲುದಾರರ ಹೆಗಲಿಗೆ, ಉಳಿದವರೆಲ್ಲ ಬಿಟ್ಟುಹೋದರೆ ಕೊನೆಗೆ ಉಳಿದವರೊಬ್ಬರ ಹೆಗಲಿಗೆ. ಸಹಿ ಮಾಡುವ ಮೊದಲು ಮೂರು ವರ್ಷದ ಲೆಕ್ಕಪತ್ರ, ಲೀಸು ಕರಾರು, ಪಾಲುದಾರಿಕೆ ಪತ್ರ ಮೂರನ್ನೂ ಕೇಳಿ ಪಡೆದು, ಜಿಪಿ ಪ್ರಾಕ್ಟೀಸುಗಳ ಲೆಕ್ಕ ನೋಡುವ ಅಕೌಂಟೆಂಟ್ ಒಬ್ಬರಿಗೆ ತೋರಿಸಿ. ಪಾಲುದಾರಿಕೆ ಪತ್ರವೇ ಇಲ್ಲ, ನಂಬಿಕೆ ಮೇಲೆ ನಡೆಯುತ್ತಿದೆ ಎಂದರೆ ಸಂಬಳದ ಕೆಲಸ ಸಾಕು ಎಂದು ಹೇಳಿ ಬನ್ನಿ.